ನರಿ ಕಾಲಿನಿಂದಲೇ ಏಕೆ ತಿಂದಿತು?

ದೂಧಗಂಗೆಯ ದಂಡೆಯ ಸದಲಗಾ ಹೊರಗಿನವರಿಗೆ ಗೊತ್ತಿರುವುದು ಆಚಾರ್ಯ ವಿದ್ಯಾಸಾಗರರ ಹುಟ್ಟೂರು ಎಂದು. ಅವರಿಗಿಂತ ನಲವತ್ತು ವರ್ಷ ಮೊದಲು, 1906ರಲ್ಲಿ, ಚಿಕ್ಕೋಡಿ ತಾಲೂಕಿನ ಇದೇ ಊರಿನಲ್ಲಿ ಇನ್ನೊಬ್ಬರು ಹುಟ್ಟಿದ್ದರು. ಹೆಸರು ಆದಿನಾಥ ನೇಮಿನಾಥ ಉಪಾಧ್ಯೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕ ಅರ್ಧಮಾಗಧಿ ಕಲಿಸಿದವರು, ಕೊನೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾದವರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಂಡಿತರು ಅವರನ್ನು ವ್ಯಾಕರಣಕ್ಕೂ ತತ್ವಶಾಸ್ತ್ರಕ್ಕೂ ನೆನೆಯುತ್ತಾರೆ. ನನಗೆ ಮಾತ್ರ ಅವರು ನಮ್ಮ ಸೀಮೆ ಕಂಡ ಕಥೆಗಳ ದೊಡ್ಡ ಕಣಜಗಾರ. ಸ್ವಂತ ಕಥೆ ಒಂದೂ ಬರೆಯದಿದ್ದರೂ ಸಾವಿರ ವರ್ಷದ ಕಥೆಗಳನ್ನು ಹಸ್ತಪ್ರತಿಯಿಂದ ಬಿಡಿಸಿ, ಒಪ್ಪ ಮಾಡಿ, ಅಚ್ಚಿಗೆ ಹಾಕಿಸಿ ಹೋದರು.

1943ರಲ್ಲಿ ಮುಂಬಯಿಯಲ್ಲಿ ಪ್ರಕಟವಾದ ಹರಿಷೇಣನ ‘ಬೃಹತ್ಕಥಾಕೋಶ’ ಅವರ ಸಂಪಾದನೆ. 10ನೆಯ ಶತಮಾನದ ಸಂಸ್ಕೃತ ಗ್ರಂಥ, ಅದರಲ್ಲಿ 157 ಕಥೆಗಳು. ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳಿಗೆ ಇದು ಹತ್ತಿರದ ಬಳಗ, ಎರಡರ ನಂಟನ್ನು ಉಪಾಧ್ಯೆಯವರೇ ತಮ್ಮ ಉದ್ದನೆಯ ಇಂಗ್ಲಿಷ್ ಮುನ್ನುಡಿಯಲ್ಲಿ ಬಿಡಿಸಿ ತೋರಿಸಿದ್ದಾರೆ. ಆದರೆ ಸಂಸ್ಕೃತದ ಶ್ಲೋಕ, ಇಂಗ್ಲಿಷಿನ ಮುನ್ನುಡಿ ಇರುವ ಆ ಪುಸ್ತಕವನ್ನು ಸದಲಗಾದ ಐದನೆಯತ್ತೆ ಹುಡುಗ ತೆರೆದು ಓದುವುದುಂಟೆ? ಕಣಜ ತುಂಬಿದ್ದು ಒಬ್ಬರ ಕೆಲಸವಾದರೆ, ಕಾಳು ತೆಗೆದು ಬೀಸಿ ರೊಟ್ಟಿ ಬಡಿದು ಮಕ್ಕಳ ತಾಟಿಗೆ ಹಾಕುವುದು ಇನ್ನೊಬ್ಬರದು. ಹಳೆಯ ಕಥೆಯನ್ನು ಮಕ್ಕಳಿಗೆ ತಿರುಗಿ ಹೇಳುವ ಆ ಎರಡನೆಯ ಕಸುಬನ್ನು ನಾವು ಕಸುಬೆಂದೇ ಎಣಿಸುವುದಿಲ್ಲ.

ದೂರದ ಐಸ್‌ಲ್ಯಾಂಡಿನಲ್ಲಿ ಇದೇ ಕೆಲಸಕ್ಕೆ ಕೂತವನು ಸ್ನೋರಿ ಸ್ಟುರ್ಲುಸನ್. 1179ರಲ್ಲಿ ಹುಟ್ಟಿದ ಆತ ಸಭೆಯಲ್ಲಿ ಕಾನೂನು ಹೇಳುವ ಹುದ್ದೆಯಲ್ಲಿದ್ದವನು, ಶ್ರೀಮಂತ, ರಾಜಕಾರಣಿ. ಅವನ ನಾಡು ಕ್ರೈಸ್ತವಾಗಿ ಇನ್ನೂರು ವರ್ಷ ದಾಟಿತ್ತು. ಹಳೆಯ ದೇವರುಗಳಾದ ಓಡಿನ್, ಥೋರ್, ಲೋಕಿಯರನ್ನು ಯಾರೂ ಪೂಜಿಸುತ್ತಿರಲಿಲ್ಲ. ಆದರೆ ಹಳೆಯ ಪದ್ಯಗಳ ತುಂಬ ಅವರದೇ ಪ್ರಸ್ತಾಪ. ಕಥೆ ಗೊತ್ತಿಲ್ಲದ ಎಳೆಯ ಕವಿಗಳಿಗೆ ಪದ್ಯದ ಒಗಟು ಒಡೆಯುತ್ತಿರಲಿಲ್ಲ. ಅವರಿಗಾಗಿ ಸ್ನೋರಿ 1220ರ ಸುಮಾರಿಗೆ ‘ಎಡ್ಡಾ’ ಬರೆದ. ಅದರಲ್ಲಿ ಗಿಲ್ಫಿ ಎಂಬ ರಾಜ ವೇಷ ಮರೆಸಿಕೊಂಡು ಬಂದು ಸಿಂಹಾಸನದ ಮೇಲೆ ಕೂತ ಮೂವರನ್ನು ಒಂದೊಂದೇ ಪ್ರಶ್ನೆ ಕೇಳುತ್ತಾನೆ. ಜಗತ್ತು ಹುಟ್ಟಿದ್ದರಿಂದ ಮುಳುಗುವವರೆಗಿನ ಕಥೆಯೆಲ್ಲ ಜವಾಬಿನಲ್ಲಿ ಬಿಚ್ಚಿಕೊಳ್ಳುತ್ತದೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯ ಕಡೆ ಡೊಳ್ಳಿನ ಪದದ ಎರಡು ಮೇಳ ರಾತ್ರಿಯಿಡೀ ಸವಾಲ್-ಜವಾಬ್ ನಡೆಸುವುದನ್ನು ಕೇಳಿದವರಿಗೆ ಈ ಏರ್ಪಾಟು ಹೊಸದೆನಿಸದು. ಸವಾಲು ಹಾಕದೆ ಕಥೆ ಹೊರಡುವುದಿಲ್ಲ ಎಂಬುದು ಸ್ನೋರಿಗೂ ಗೊತ್ತಿತ್ತು, ನಮ್ಮ ಹಾಡಿಕೆಯವರಿಗೂ ಗೊತ್ತು.

ಸ್ನೋರಿಯ ಪುಸ್ತಕದಿಂದ ಮುಂದೆ ಮಕ್ಕಳೂ ಓದುವ ಪುಸ್ತಕಗಳು ಸಾಲಾಗಿ ಬಂದವು. ಇಂಗ್ಲಿಷಿನಲ್ಲಿ 1857ರಲ್ಲಿ ಕೀರಿ ಸೋದರಿಯರದು, 1920ರಲ್ಲಿ ಪ್ಯಾಡ್ರಿಕ್ ಕೋಲಮ್‌ನದು, 2017ರಲ್ಲಿ ನೀಲ್ ಗೇಮನ್‌ನದು. ಇವುಗಳಲ್ಲಿ ಕಲಿಯಬೇಕಾದ ಒಂದು ಸಂಗತಿಯಿದೆ. ಫೆನ್ರಿರ್ ಎಂಬ ತೋಳವನ್ನು ದೇವರುಗಳು ಮೋಸದಿಂದ ಕಟ್ಟಿಹಾಕಬೇಕು. ಒಬ್ಬರ ಕೈ ನನ್ನ ಬಾಯಲ್ಲಿಟ್ಟರೆ ಕಟ್ಟಿಸಿಕೊಳ್ಳುತ್ತೇನೆ ಎನ್ನುತ್ತದೆ ತೋಳ. ಟೀರ್ ಒಬ್ಬನೇ ಮುಂದೆ ಬಂದು ಕೈ ಇಡುತ್ತಾನೆ. ಕಟ್ಟು ಬಿಗಿಯುತ್ತದೆ, ದೇವರುಗಳು ನಗುತ್ತಾರೆ, ಟೀರ್‌ನ ಕೈ ಹೋಗುತ್ತದೆ. ಮಕ್ಕಳಿಗೆಂದು ಆ ಕೈ ಉಳಿಸಿದ್ದರೆ ಕಥೆಯೇ ಸತ್ತುಹೋಗುತ್ತಿತ್ತು.

ನಮ್ಮ ಸುಕುಮಾರನ ಕಥೆಗೆ ಬರೋಣ. ‘ವಡ್ಡಾರಾಧನೆ’ಯ ಮೊದಲ ಕಥೆ ಅದೇ. ಉಜ್ಜಯಿನಿಯ ಯಶೋಭದ್ರೆಯ ಒಬ್ಬನೇ ಮಗ. ಮುನಿಯನ್ನು ಕಂಡರೆ ಮಗ ಮನೆ ಬಿಡುತ್ತಾನೆಂಬ ಭವಿಷ್ಯವಾಣಿಗೆ ಹೆದರಿದ ತಾಯಿ ಮುನಿಗಳು ಮನೆ ಹೊಗದಂತೆ ಕಟ್ಟು ಮಾಡುತ್ತಾಳೆ. ಮಹಾರಾಜನಿಗೂ ಕೊಳ್ಳಲಾಗದ ರತ್ನಕಂಬಳಿಯನ್ನು ಕೊಂಡು, ಕತ್ತರಿಸಿ, 32 ಸೊಸೆಯಂದಿರಿಗೆ ಕಾಲಿಗೆ ಮೆಟ್ಟು ಮಾಡಿಸುತ್ತಾಳೆ. ಕೌತುಕಗೊಂಡ ರಾಜ ಮನೆಗೇ ಬರುತ್ತಾನೆ. ಆರತಿ ಎತ್ತಿದಾಗ ಹುಡುಗನ ಕಣ್ಣಲ್ಲಿ ನೀರು. ಕೂತಲ್ಲಿ ಕೂರಲಾರ, ಮಿಸುಕಾಡುತ್ತಾನೆ. ಊಟಕ್ಕೆ ಕೂತರೆ ಒಂದೊಂದೇ ಅಗುಳು ಆರಿಸಿ ಕೆಲವನ್ನು ಉಗುಳುತ್ತಾನೆ. ಪಾಪ, ಮೂರು ರೋಗ ಇವೆಯಲ್ಲ, ಔಷಧ ಕೊಡಿಸಲಿಲ್ಲವೇ ಎನ್ನುತ್ತಾನೆ ರಾಜ. ತಾಯಿ ವಿವರಿಸುತ್ತಾಳೆ: ರತ್ನದ ಬೆಳಕಲ್ಲೇ ಬೆಳೆದವನಿಗೆ ದೀಪದ ಉರಿ ತಡೆಯಲಿಲ್ಲ, ನಿವಾಳಿಸಿ ಚೆಲ್ಲಿದ ಸಾಸಿವೆ ಕಾಳು ಒತ್ತಿತು, ತಾವರೆಯಲ್ಲಿ ರಾತ್ರಿಯಿಟ್ಟು ಕಂಪು ಹಿಡಿಸಿದ ಅಕ್ಕಿಯಷ್ಟೇ ಇವನ ರೂಢಿ, ಇಂದು ಬೇರೆ ಅಕ್ಕಿ ಬೆರೆತಿದೆ.

ಈ ಭಾಗ ಹೇಳುವಾಗ ಏನೂ ಕಷ್ಟವಿಲ್ಲ, ಮಕ್ಕಳು ತಾವೇ ನಗುತ್ತಾರೆ. ಕಷ್ಟ ಮುಂದಿದೆ. ಒಂದು ರಾತ್ರಿ ಮುನಿಯ ಪಾಠದ ದನಿ ಕಿವಿಗೆ ಬಿದ್ದು ಹುಡುಗನಿಗೆ ಹಿಂದಿನ ಜನ್ಮ ನೆನಪಾಗುತ್ತದೆ. ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿ ಮಹಡಿಯಿಂದ ಇಳಿದು ಹೋಗುತ್ತಾನೆ. ಸಾಸಿವೆ ಕಾಳು ತಡೆಯದವನ ಅಂಗಾಲು ಕಲ್ಲುಮುಳ್ಳಿಗೆ ಒಡೆದು ನೆತ್ತರ ಹೆಜ್ಜೆ ಮೂಡುತ್ತವೆ. ಆ ಜಾಡು ಹಿಡಿದು ಹೆಣ್ಣುನರಿ ಮರಿಗಳೊಂದಿಗೆ ಬಂದು, ಧ್ಯಾನಕ್ಕೆ ನಿಂತವನನ್ನು ಕಾಲಿನಿಂದ ಶುರುಮಾಡಿ ಮೂರು ರಾತ್ರಿ ತಿನ್ನುತ್ತದೆ.

ಸಾಮಾನ್ಯವಾಗಿ ಇಲ್ಲಿ ಹೇಳುವವರು ಹಿಂಜರಿಯುತ್ತಾರೆ. ‘ಸನ್ಯಾಸಿಯಾಗಿ ಸ್ವರ್ಗಕ್ಕೆ ಹೋದ’ ಎಂದು ಮುಗಿಸಿಬಿಡುತ್ತಾರೆ. ಮಗು ಮೋಸಹೋದಂತೆ ಸುಮ್ಮನಾಗುತ್ತದೆ. ನನ್ನ ಮತದಲ್ಲಿ ನರಿಯನ್ನು ಬಿಡಕೂಡದು. ಅಷ್ಟು ನಾಜೂಕಾದವನು ಇಷ್ಟನ್ನು ತಡೆದನೆಂಬುದೇ ಕಥೆ. ಸಾಸಿವೆಯ ನಗೆಯೆಲ್ಲ ಈ ನರಿಗಾಗಿ ಕಟ್ಟಿದ್ದು. ಬಿಡಬೇಕಾದದ್ದು ಬೇರೆ: ಯಾರು ಯಾವ ಜನ್ಮದಲ್ಲಿ ಏನಾಗಿದ್ದರೆಂಬ ಭವಾವಳಿಯ ಜಡೆ. ದೊಡ್ಡವರೇ ಅದರಲ್ಲಿ ದಾರಿ ತಪ್ಪುತ್ತಾರೆ. ಆದರೆ ಅದರಲ್ಲೂ ಒಂದು ಎಳೆಯನ್ನು ಉಳಿಸಲೇಬೇಕು. ಹಿಂದೊಮ್ಮೆ ಇವನು ವಾಯುಭೂತಿಯಾಗಿದ್ದಾಗ ಸಿಟ್ಟಿನಲ್ಲಿ ಅಣ್ಣನ ಹೆಂಡತಿಯನ್ನು ಒದ್ದಿದ್ದ. ಒದ್ದ ಕಾಲನ್ನೇ ತಿನ್ನುತ್ತೇನೆಂದು ಆಕೆ ಸಂಕಲ್ಪ ಮಾಡಿದ್ದಳು. ಆ ವೈನಿಯೇ ಈ ನರಿ. ಮಗು ಕೇಳುವ ಮೊದಲ ಪ್ರಶ್ನೆಗೆ, ಅಂದರೆ ಕಾಲಿನಿಂದಲೇ ಯಾಕೆ ಎಂಬುದಕ್ಕೆ, ಉತ್ತರ ಈ ಒಂದೇ ಎಳೆಯಲ್ಲಿದೆ. ಉಳಿದ ಜನ್ಮಗಳು ದೊಡ್ಡವರ ಪುಸ್ತಕದಲ್ಲಿ ಕಾದಿರಲಿ. ಹೀಗೆ ಬಿಟ್ಟು ಕಟ್ಟುವುದು ಅಪಚಾರವೇನಲ್ಲ. ಶಾಂತಿನಾಥ 1068ರಲ್ಲೇ ಇದೇ ಸುಕುಮಾರನನ್ನು ಚಂಪುವಿನಲ್ಲಿ ತನ್ನಂತೆ ಹೇಳಿದ್ದಾನೆ.

ಅಚ್ಚಿನ ಲೋಕದಲ್ಲಿ ಕನ್ನಡದ ಮಕ್ಕಳಿಗೆ ಹೊರನಾಡಿನ ಕಥೆಗಳು ಬೇಗ ಸಿಕ್ಕವು. ‘ಅಮರ ಚಿತ್ರ ಕಥೆ’ಯ ಸಂಖ್ಯೆ 11ರಿಂದ ಶುರುವಾಗುವುದೇ ಅದಕ್ಕೆ: ಮೊದಲ ಹತ್ತು ಸಂಚಿಕೆಗಳು 1960ರ ದಶಕದಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಬಂದ ಸಿಂಡ್ರೆಲಾ ಮುಂತಾದ ಪಾಶ್ಚಾತ್ಯ ಕಥೆಗಳು. ಹನ್ನೊಂದನೆಯದು ಕೃಷ್ಣ. ನಿಪ್ಪಾಣಿ, ಕಾಗವಾಡದ ಕಡೆಯ ಮಕ್ಕಳಿಗಂತೂ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ; ಒಂದೇ ಕಥೆ ಎರಡು ನುಡಿಯಲ್ಲಿ ಎರಡು ರೂಪ ತಾಳುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶೇಡಬಾಳದ ಮಿರ್ಜಿ ಅಣ್ಣಾರಾಯರು, ಸಾಲಿ ಮಾಸ್ತರರಾಗಿದ್ದವರು, ‘ನಿಸರ್ಗ’ ಕಾದಂಬರಿಯಲ್ಲಿ ಈ ಸೀಮೆಯ ಮಾತನ್ನು ಅಳುಕಿಲ್ಲದೆ ಬಳಸಿದರು. ಮಕ್ಕಳ ಕಥೆಗೂ ಅದೇ ಧೈರ್ಯ ಬೇಕು.

ಆ ಮಾತಿನಲ್ಲಿ ಹೇಳಲು ಹೇಳಿ ಮಾಡಿಸಿದ್ದು ಉಪಾಧ್ಯೆಯವರ ಕಣಜದ ಇನ್ನೊಂದು ಕಾಳು. ಎಂಟನೆಯ ಶತಮಾನದ ಹರಿಭದ್ರನ ಪ್ರಾಕೃತ ‘ಧೂರ್ತಾಖ್ಯಾನ’. ಅದರ ಮೇಲಿನ ಅವರ ಅಧ್ಯಯನ 1944ರಲ್ಲಿ ಬಂತು. ಉಜ್ಜಯಿನಿಯ ತೋಟದಲ್ಲಿ ಮಳೆಗೆ ಸಿಕ್ಕು ಹಸಿದು ಕೂತ ಠಕ್ಕರು ಪಣ ಕಟ್ಟುತ್ತಾರೆ. ಒಬ್ಬೊಬ್ಬರೂ ತಮಗಾದ ಅನುಭವ ಹೇಳಬೇಕು. ಸುಳ್ಳು ಅಂದವನು ಎಲ್ಲರಿಗೂ ಊಟ ಹಾಕಬೇಕು. ಪುರಾಣದಿಂದ ಸಾಕ್ಷಿ ಕೊಟ್ಟು ಹೌದು ಅಂದವನು ಪಾರು. ಮೊದಲನೆಯವನನ್ನು ನಮ್ಮ ಕಡೆಯ ಮಾತಿನಲ್ಲಿ ಕೇಳಿ:

“ಆನಿ ಬೆನ್ನ ಹತ್ತಿತು. ಏರಾಕ ಗಿಡ ಇಲ್ಲ, ಅಡಗಾಕ ಗುಡ್ಡ ಇಲ್ಲ. ಕೈಯಾಗ ಇದ್ದದ್ದು ಕಮಂಡಲ ಒಂದ. ಅದರಾಗ ಹೊಕ್ಕೆ. ಆನೀನೂ ಹಿಂದ ಹೊಕ್ಕಿತು! ಆರು ತಿಂಗಳ ಒಳಗ ಓಡಾಡಿಸಿತು. ಕಡೀಕ ನಾ ಬಾಯಿಂದ ಹೊರಗ ಬಿದ್ದೆ. ಆನೀನೂ ಬಂತು, ಖರೆ ಬಾಲದ ಕೂದಲ ಒಂದು ಸಿಕ್ಕೊಂಡು ಅಲ್ಲೇ ಜೋತಾಡಿತು.”

ಥೋರ್ ರಾಕ್ಷಸರ ಅರಮನೆಯಲ್ಲಿ ಕೊಂಬಿನ ಪಾತ್ರೆ ಬರಿದು ಮಾಡಲಾರದೆ ಸೋತದ್ದು, ಆಮೇಲೆ ಆ ಕೊಂಬಿನ ತುದಿ ಸಮುದ್ರದಲ್ಲಿತ್ತೆಂದು ತಿಳಿದದ್ದು ಇದೇ ಜಾತಿಯ ಕಥೆ. ಬೆನ್ನುಬೆನ್ನಿಗೆ ಹೇಳಿದರೆ ಎರಡಕ್ಕೂ ರಂಗು. ಒಂದು ಎಚ್ಚರಿಕೆ: ಹರಿಭದ್ರನ ಉದ್ದೇಶ ಪುರಾಣಗಳ ಗೇಲಿ. ಜೈನರು, ಲಿಂಗಾಯತರು, ಹಾಲುಮತದವರು, ಮುಸಲ್ಮಾನರು ಒಂದೇ ಬೆಂಚಿನಲ್ಲಿ ಕೂರುವ ಅಥಣಿಯ ವರ್ಗದಲ್ಲಿ ಆ ಕೊಂಕು ಬೇಡ, ಆಟ ಸಾಕು. ತಾನು ನಂಬದ ದೇವರುಗಳ ಕಥೆಯನ್ನು ಸ್ನೋರಿ ಪ್ರೀತಿಯಿಂದ ಹೇಳಿದ್ದು ಇಲ್ಲಿ ಮೇಲ್ಪಂಕ್ತಿ.

ಕೊನೆಯ ಸರದಿ ಖಂಡಪಾನೆಯದು. ಠಕ್ಕರ ಗುಂಪಿನ ಹೆಂಗಸು. ಅವಳ ಕಥೆಯ ಕೊನೆ ಇಷ್ಟೇ: ನನ್ನ ಬಟ್ಟೆಗಳು ಕಳುವಾದವು, ಆಳುಗಳು ಓಡಿಹೋದರು, ಆ ಆಳುಗಳು ನೀವೇ, ನೀವು ಉಟ್ಟಿರುವುದು ನನ್ನ ಬಟ್ಟೆಗಳೇ. ಹೌದೆಂದರೆ ನನ್ನ ಮನೆಗೆ ದುಡಿಯಲು ನಡೆಯಿರಿ. ಸುಳ್ಳೆಂದರೆ ಊಟ ಹಾಕಿರಿ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ಸೋಲೊಪ್ಪಿಕೊಂಡು, ಮಳೆಯಲ್ಲಿ ಊಟದ ವ್ಯವಸ್ಥೆಯನ್ನೂ ನೀನೇ ಮಾಡಬೇಕು ತಾಯಿ ಎಂದು ಅವಳಿಗೇ ಕೈ ಮುಗಿಯುತ್ತಾರೆ.