ಮಗುವಂತೆ ಸಾಕಿದ ಹುಳಕ್ಕೆ ಪಕ್ಕದ ಹೊಲದ ಭಯ

ರೊಳ್ಳ: ಹುಳ ಸಾಕೋದು ಅಂದ್ರೆ ಪಟ್ಟಣದವರಿಗೆ ನಗು. ಆದರೆ ಯುರೋಪಿನ ಶಾಲೆ, ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಡ್ಡಿ ಹುಳ ಸಾಕುವ ಹವ್ಯಾಸ ಹಳೆಯದು. ಒಣಗಿದ ಕಡ್ಡಿಯಂತೆಯೇ ಕಾಣುವ, ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುವ ಅಲ್ಲಿನ ಜನಪ್ರಿಯ ಜಾತಿಯೊಂದರ ತವರು ನಮ್ಮ ದಕ್ಷಿಣ ಭಾರತವೇ. ಅವರಿಗದು ಶೋಕಿ. ನಮ್ಮ ಗಡಿ ಭಾಗದ ರೊಳ್ಳ, ಅಗಳಿ, ಮಡಕಶಿರಾ ಕಡೆಯ ಎಷ್ಟೋ ಮನೆಗಳಿಗೆ ಹುಳವೇ ಅನ್ನ. ಇಲ್ಲಿ ಸಾಕುವುದು ರೇಷ್ಮೆ ಹುಳ.

2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಈ ಸೀಮೆಗೆ ಹಿಂದೂಪುರದ ಗೂಡು ಮಾರುಕಟ್ಟೆ ಹತ್ತಿರ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆ ಉತ್ಪಾದನೆಯಲ್ಲಿ ಕರ್ನಾಟಕ ಮೊದಲು, ಆಂಧ್ರ ಎರಡನೆಯದು.

ಈ ಹುಳದಷ್ಟು ಪರಾಧೀನ ಜೀವಿ ಮತ್ತೊಂದಿಲ್ಲ. ಸೊಪ್ಪು ಹುಡುಕಿಕೊಂಡು ಹೋಗಲಾರದು, ಚಿಟ್ಟೆಯಾದರೂ ಹಾರಲಾರದು. ಸಾವಿರಾರು ವರ್ಷ ಮನುಷ್ಯನ ಕೈಯಲ್ಲೇ ಬೆಳೆದದ್ದರ ಫಲವಿದು. ನೂರು ಮೊಟ್ಟೆ ಅಂತ ರೈತರು ತರುವುದರಲ್ಲಿ 40-50 ಸಾವಿರ ಹುಳ ಇರುತ್ತವೆ. ಸುಮಾರು ಒಂದು ಟನ್ ಸೊಪ್ಪು ಬೇಕು. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಖರ್ಚಾಗುವುದು ಕೊನೆಯ ವಾರದಲ್ಲೇ.

ನಾಲ್ಕು ಸಲ ಪೊರೆ ಬಿಡುತ್ತವೆ. ನಮ್ಮೋರ ಮಾತಲ್ಲಿ ಅದು ‘ಜ್ವರ’. ಜ್ವರಕ್ಕೆ ಹೋದಾಗ ಸೊಪ್ಪು ಹಾಕಬಾರದು, ಅಲುಗಾಡಿಸಬಾರದು. ಶಾಖ 24ರಿಂದ 28 ಡಿಗ್ರಿಯೊಳಗಿರಬೇಕು. ಇರುವೆ, ಇಲಿ, ಹಲ್ಲಿಯ ಕಾಟ ಬೇರೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ತಡೆಯಲು ಕಿಟಕಿಗೆಲ್ಲ ಬಲೆ ಕಟ್ಟಬೇಕು. ಹಾಲು ರೋಗ, ಸಪ್ಪೆ ರೋಗ, ಸುಣ್ಣಕಟ್ಟು ರೋಗ ಬಂದರೆ ಚಂದ್ರಿಕೆ ಖಾಲಿ. ಅದಕ್ಕೇ ಹುಳದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದೇ ಒಳಗೆ ಹೋಗೋದು.

<b>ಗಾಳಿಯಲ್ಲಿ ಬರುವ ವಿಷ</b>

ಇಷ್ಟೆಲ್ಲ ಕಟ್ಟುನಿಟ್ಟಾದರೂ ಒಂದು ಆಪತ್ತು ರೈತನ ಕೈ ಮೀರಿದ್ದು. ಪಕ್ಕದ ತೋಟದಲ್ಲಿ ಹೊಡೆದ ಕೀಟನಾಶಕ ಗಾಳಿಗೆ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಮುಗಿಯಿತು. ಸೊಪ್ಪು ತಿಂದ ಹುಳ ತಲೆ ಅಲ್ಲಾಡಿಸುತ್ತದೆ, ಬಾಯಿಂದ ರಸ ಕಕ್ಕುತ್ತದೆ, ಮುದುಡಿ ಸಾಯುತ್ತದೆ. ಸೊಪ್ಪು ನೋಡಿದರೆ ವಿಷ ಕಾಣಿಸದು. ನಾಲ್ಕನೇ ಜ್ವರ ಎದ್ದ ಮೇಲೆ ಹೀಗಾದರೆ ತಿಂಗಳ ದುಡಿಮೆ, ಕೂಲಿ, ಸೊಪ್ಪು ಎಲ್ಲ ಮಣ್ಣುಪಾಲು.

ಪರಿಹಾರ ದೊಡ್ಡದೇನಲ್ಲ. ಔಷಧಿ ಹೊಡೆಯುವವರು ಹಿಂದಿನ ದಿನ ನೆರೆಯವರಿಗೆ ಒಂದು ಮಾತು ಹೇಳಬೇಕು, ಗಾಳಿ ಆ ಕಡೆ ಬೀಸುವಾಗ ಪಂಪು ಇಳಿಸಬೇಕು. ಹುಳ ಸಾಕುವವರೂ ಅಂಚಿನ ಸಾಲಿನ ಸೊಪ್ಪು ಬಿಡಬೇಕು. ಅನುಮಾನವಿದ್ದರೆ ಮೊದಲು ಹತ್ತಿಪ್ಪತ್ತು ಹುಳಕ್ಕೆ ಮಾತ್ರ ತಿನ್ನಿಸಿ, ಒಂದು ದಿನ ಕಾದು ನೋಡಬೇಕು.

ಹೊಲದ ಬದುವಿನಲ್ಲಿ ಆಡುವ ಒಂದು ಮಾತಿಗೆ ಕಾಸು ಖರ್ಚಿಲ್ಲ. ಆಡದಿದ್ದರೆ ಹೋಗುವುದು ಅರ್ಧ ಲಕ್ಷ ಜೀವ, ಒಂದು ಮನೆಯ ಅನ್ನ.