ಪೊಲೀಸ್, ಕಲೆಕ್ಟರ್, ಮಿನಿಸ್ಟರ್, ಕಂಟ್ರೋಲ್: ಅಧಿಕಾರದ ಈ ಪದಗಳು ಹುಟ್ಟಿದ್ದು ಹೇಗೆ?

'ಪೊಲೀಸ್ ಅಂದರೆ ಪೊಲೈಟ್, ಒಬೀಡಿಯಂಟ್, ಲಾಯಲ್, ಇಂಟೆಲಿಜೆಂಟ್, ಕರೇಜಿಯಸ್, ಎಫಿಶಿಯಂಟ್. 99% ಜನರಿಗೆ ಇದು ಗೊತ್ತಿಲ್ಲ, ಎಲ್ಲರಿಗೂ ಶೇರ್ ಮಾಡಿ.' ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಗ್ರಾಮದ ಓದುಗರೊಬ್ಬರು ಈ ಸಂದೇಶವನ್ನು ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ.

ಉತ್ತರ: ಸುಳ್ಳು. ಊರಿನ ಹೆಸರನ್ನು ಹೇಳುತ್ತಿಲ್ಲ, ಫಾರ್ವರ್ಡ್ ಬಗ್ಗೆ ಹೇಳುತ್ತಿದ್ದೇವೆ!

ಪೊಲೀಸ್

ಗ್ರೀಕ್ ಭಾಷೆಯಲ್ಲಿ 'ಪೊಲಿಸ್' ಎಂದರೆ ನಗರ. ನಗರದ ಆಡಳಿತ ಎಂಬ ಅರ್ಥದಲ್ಲಿ ಅದು ಲ್ಯಾಟಿನ್‌ಗೆ, ಅಲ್ಲಿಂದ ಫ್ರೆಂಚ್‌ಗೆ, ಕೊನೆಗೆ ಇಂಗ್ಲಿಷ್‌ಗೆ ಬಂತು. ಇಂಗ್ಲಿಷ್‌ಗೆ ಬಂದೇ 400 ವರ್ಷಗಳ ಮೇಲಾಯಿತು. ಮೊದಲಕ್ಷರಗಳನ್ನು ಜೋಡಿಸಿ ಪದ ಕಟ್ಟುವ ರೂಢಿ ಹೆಚ್ಚಾಗಿದ್ದು 20ನೇ ಶತಮಾನದಲ್ಲಿ. ಹಳೆಯ ಪದವೊಂದಕ್ಕೆ 'ಫುಲ್ ಫಾರ್ಮ್' ಹೇಳುವ ಫಾರ್ವರ್ಡ್ ಬಂದರೆ ಅನುಮಾನಿಸಲು ಇಷ್ಟೇ ಸಾಕು.

ಕಲೆಕ್ಟರ್

ಕಲೆಕ್ಟರ್ ಎಂದರೆ ಸಂಗ್ರಹಿಸುವವನು. ಏನನ್ನು? ಕಂದಾಯವನ್ನು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಈ ಹುದ್ದೆಯನ್ನು ತಂದ. ನಮ್ಮ ಭಾಗಕ್ಕೆ ಈ ಪದ ಹೊಸದೇನಲ್ಲ. ಕಿತ್ತೂರಿನ ದತ್ತು ಒಪ್ಪದೆ ಖಜಾನೆಗೆ ಮುದ್ರೆ ಹಾಕಿಸಿ, 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯದೆದುರು ಸತ್ತ ಥ್ಯಾಕರೆ ಧಾರವಾಡದ ಕಲೆಕ್ಟರ್ ಆಗಿದ್ದ.

ತಹಸೀಲ್ದಾರ್ ಪದದ ಕಥೆಯೂ ಇದೇ. ಅರಬ್ಬಿಯ 'ತಹಸೀಲ್' ಎಂದರೆ ವಸೂಲಿ, ಪಾರಸಿಯ 'ದಾರ್' ಎಂದರೆ ಹೊಂದಿರುವವನು. ಅಂದರೆ ತಾಲ್ಲೂಕಿನ ಸಾಹೇಬರಿಗೂ ಜಿಲ್ಲೆಯ ಸಾಹೇಬರಿಗೂ ಬೇರೆ ಬೇರೆ ಭಾಷೆಯಲ್ಲಿ ಇದ್ದದ್ದು ಒಂದೇ ಹೆಸರು.

ಮಿನಿಸ್ಟರ್

ಲ್ಯಾಟಿನ್‌ನಲ್ಲಿ 'ಮಿನಿಸ್ಟರ್' ಎಂದರೆ ಸೇವಕ. ಕಡಿಮೆ ಎಂಬ ಅರ್ಥದ 'ಮೈನಸ್' ಇದರ ಬೇರು. ಹೆಚ್ಚು ಎಂಬ ಅರ್ಥದ 'ಮ್ಯಾಗಿಸ್'ನಿಂದ ಬಂದದ್ದು 'ಮಾಸ್ಟರ್'. ಪದದ ಲೆಕ್ಕದಲ್ಲಿ ಮಾಸ್ಟರ್ ದೊಡ್ಡವನು, ಮಿನಿಸ್ಟರ್ ಅವನ ಕೈಕೆಳಗಿನವನು!

ಕಂಟ್ರೋಲ್

ನಮಗೆ ಬಹಳ ಹಿಡಿಸಿದ್ದು ಈ ಪದ. ಕಂಟ್ರೋಲ್ ಎಂದರೆ ಹಿಡಿತ ಎಂದುಕೊಳ್ಳುತ್ತೇವೆ. ಇದರ ಹಳೆಯ ಫ್ರೆಂಚ್ ರೂಪದಲ್ಲಿ ಎರಡು ಪದಗಳಿವೆ: 'ಕಾಂತ್ರ್' ಎಂದರೆ ಎದುರು, 'ರೋಲ್' ಎಂದರೆ ಸುರುಳಿ ಮಾಡಿಟ್ಟ ಲೆಕ್ಕಪತ್ರ. ನರೇಗಾ ಕೆಲಸದ ಹಾಜರಿ ಬರೆಯುತ್ತಿದ್ದ 'ಮಸ್ಟರ್ ರೋಲ್'ನಲ್ಲಿರುವುದೂ ಇದೇ ರೋಲ್.

ಹಿಂದೆ ಹಣ ಹಿಡಿಯುವವನ ಬಳಿ ಒಂದು ಲೆಕ್ಕವಿದ್ದರೆ, ಅದರದ್ದೇ ಇನ್ನೊಂದು ಪ್ರತಿ ಬೇರೊಬ್ಬನ ಬಳಿ ಇರುತ್ತಿತ್ತು. ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡುವುದೇ ಕಂಟ್ರೋಲ್. ದೇಶದ ಲೆಕ್ಕ ಪರಿಶೀಲಿಸುವ ಸಿಎಜಿ ಹೆಸರಿನ 'ಕಂಪ್ಟ್ರೋಲರ್' ಕೂಡ ಇದೇ ಪದ, ಕಾಗುಣಿತ ಮಾತ್ರ ಬೇರೆ.

ಗೊತ್ತಾದರೆ ಏನು ಲಾಭ?

ಪದದ ಮೂಲವೇ ಅದರ ಇಂದಿನ ಅರ್ಥವಲ್ಲ. ಮಿನಿಸ್ಟರ್ ಎಂದರೆ ಸೇವಕ ಎಂದು ಹೇಳಿದ ಮಾತ್ರಕ್ಕೆ ಯಾರೂ ಬಂದು ಸೇವೆ ಮಾಡುವುದಿಲ್ಲ. ಆದರೆ ಕಂಟ್ರೋಲ್ ಪದದ ಹಳೆಯ ಉಪಾಯ ಇಂದಿಗೂ ನಡೆಯುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಗ್ರಾಮ ಪಂಚಾಯಿತಿಯ ಖರ್ಚಿನ ದಾಖಲೆಯ ಪ್ರತಿಯನ್ನು ದೇಶದ ಯಾವುದೇ ನಾಗರಿಕರು ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ, ಪ್ರತಿಗಳ ಶುಲ್ಕ ಬೇರೆ. ಬಡತನ ರೇಖೆಗಿಂತ ಕೆಳಗಿರುವವರು ಅರ್ಜಿ ಶುಲ್ಕ ಕೊಡಬೇಕಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು.

ರಸ್ತೆಗೆ, ಚರಂಡಿಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕ ಕಚೇರಿಯಲ್ಲಿ ಒಂದು ಪ್ರತಿ, ನಿಮ್ಮ ಕೈಯಲ್ಲಿ ಒಂದು ಪ್ರತಿ ಇದ್ದರೆ, ಆ ಪದದ ಮೊದಲ ಅರ್ಥದಲ್ಲಿ ಕಂಟ್ರೋಲ್ ನಿಮ್ಮ ಬಳಿಯೂ ಇದೆ. ಶೇರ್ ಮಾಡುವುದಾದರೆ ಇದನ್ನು ಮಾಡಿ.