ಬಿಡಿ ಸಿಗರೇಟು ಮತ್ತು ಇಪ್ಪತ್ತೊಂದರ ಲೆಕ್ಕ

ಬೆಂಗಳೂರಿನ ಶಿವಾಜಿನಗರ ಬಸ್ ನಿಲ್ದಾಣದ ಸುತ್ತಲಿನ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗರೇಟು ಪ್ಯಾಕಿನ ಲೆಕ್ಕಕ್ಕಿಂತ ಬಿಡಿಯಾಗಿ ಹೋಗುವುದೇ ರೂಢಿ. ಪ್ಯಾಕಿನ ಶೇ 85ರಷ್ಟು ಜಾಗ ತುಂಬಿರುವ ಎಚ್ಚರಿಕೆಯ ಚಿತ್ರ ಅಂಗಡಿಯವನ ಬಳಿಯೇ ಉಳಿಯುತ್ತದೆ. ಗಿರಾಕಿಯ ಕೈಗೆ ಬರುವುದು ಬರೀ ಸಿಗರೇಟು. ಪೂರ್ತಿ ಪ್ಯಾಕಿಗೆ ದುಡ್ಡು ಸಾಲದ ಹುಡುಗನಿಗೂ ಒಂದಕ್ಕೆ ಸಾಲುತ್ತದೆ.

ತಂಬಾಕು ಮಾರಾಟ, ಬಳಕೆಗೆ ಕಡಿವಾಣ ಹಾಕುವ ಕೇಂದ್ರದ 2003ರ ಕೋಟ್ಪಾ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇನಲ್ಲಿ ಜಾರಿಗೆ ಬಂತು. ಅದು ಬಿಡಿ ಮಾರಾಟವನ್ನೂ, ಇಂದಿರಾನಗರದಂಥ ಬಡಾವಣೆಗಳಿಗೆ ಹಬ್ಬಿದ್ದ ಹುಕ್ಕಾ ಬಾರ್‌ಗಳನ್ನೂ ನಿಷೇಧಿಸಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡವನ್ನು 1,000ಕ್ಕೆ ಏರಿಸಿತು. ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಒಯ್ದಿತು. ಕಂಟೋನ್ಮೆಂಟಿನ ಅಂಚಿನಲ್ಲಿ 1910ರ ದಶಕದಲ್ಲೇ ಸಿಗರೇಟು ಕಾರ್ಖಾನೆ ಕಂಡ ಊರಿಗೆ ಇದು ಸಣ್ಣ ಬದಲಾವಣೆಯಲ್ಲ.

ವಯಸ್ಸಿನ ಮಿತಿಗೆ ಒಂದು ಕಾರಣ ಮಿದುಳಿನಲ್ಲಿದೆ. ಎಳೆದ ಹೊಗೆಯಲ್ಲಿನ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕಿಳಿದು ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳು ತಲುಪುತ್ತದೆ. ಅಸಿಟೈಲ್‌ಕೋಲಿನ್ ಎಂಬ ನರವಾಹಕಕ್ಕೆಂದು ನರಕೋಶಗಳ ಮೇಲಿರುವ ಗ್ರಾಹಕಗಳಲ್ಲಿ ಅದು ಹೋಗಿ ಕೂರುತ್ತದೆ, ಡೋಪಮಿನ್ ಸ್ರವಿಸುವಂತೆ ಮಾಡುತ್ತದೆ. ಪದೇ ಪದೇ ಹೀಗಾದಾಗ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚಿ, ನಿಕೋಟಿನ್ ಸಿಗದ ಹೊತ್ತು ಚಡಪಡಿಕೆಯಾಗುತ್ತದೆ. ಮನಸ್ಸಿನ ಆವೇಗಕ್ಕೆ ಕಡಿವಾಣ ಹಾಕುವ ಮುಂಭಾಗದ ಮಿದುಳು ಬಲಿಯಲು ಸುಮಾರು 25 ವರ್ಷ ಬೇಕು. ಅದಕ್ಕೂ ಮೊದಲು ಅಂಟಿದ ಚಟ ಬಿಡಿಸುವುದು ಕಷ್ಟ.

ಹಾಗಿದ್ದರೆ ಮಿತಿ 25 ಏಕಲ್ಲ? 21ರ ಬಲವಾದ ಸಮರ್ಥನೆ ಮಿದುಳಿಗಿಂತ ಹೆಚ್ಚಾಗಿ ಗೆಳೆತನದಲ್ಲಿದೆ. ಎಳೆಯರಿಗೆ ಸಿಗರೇಟು ಸಿಗುವುದು ಬಹಳ ಸಲ ತುಸು ದೊಡ್ಡ ಗೆಳೆಯರ ಕೈಯಿಂದ. ಪಿಯುಸಿ ಓದುವ ಹುಡುಗನಿಗೆ ಹದಿನೆಂಟು ತುಂಬಿದ ಸಹಪಾಠಿ ತರಗತಿಯಲ್ಲೇ ಇರುತ್ತಾನೆ. ಇಪ್ಪತ್ತೊಂದು ದಾಟಿದವನು ಅಷ್ಟರಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುತ್ತಾನೆ. ಅಮೆರಿಕದ ಬಾಸ್ಟನ್ ಬಳಿಯ ನೀಡಂ ಎಂಬ ಪುಟ್ಟ ಊರು 2005ರಲ್ಲಿ ಈ ಮಿತಿ ತಂದಿತು. 2006ರಿಂದ 2010ರೊಳಗೆ ಅಲ್ಲಿನ ಹೈಸ್ಕೂಲು ಮಕ್ಕಳಲ್ಲಿ ಸೇದುವವರ ಪ್ರಮಾಣ ಶೇ 13ರಿಂದ ಶೇ 7ಕ್ಕೆ ಇಳಿಯಿತು. ಮಿತಿ ಏರಿಸದ ನೆರೆಯೂರುಗಳಲ್ಲಿ ಇಳಿಕೆ ಇದಕ್ಕಿಂತ ಕಡಿಮೆ.

ಇಲ್ಲಿ ತೊಡಕಿರುವುದು ಅಂಗಡಿಯ ಕಟ್ಟೆಯಲ್ಲಿ. ಸಂಜೆಯ ನೂಕುನುಗ್ಗಲಲ್ಲಿ ಚಿಲ್ಲರೆ ಎಣಿಸುತ್ತಿರುವವನು ಮುಖ ನೋಡಿ ವಯಸ್ಸು ಅಳೆಯಬೇಕು, ಅನುಮಾನ ಬಂದರೆ ಗುರುತಿನ ಚೀಟಿ ಕೇಳಬೇಕು. ಕೇಳಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಕಾಯ್ದೆಯ ಫಲವೂ ಬೇಗ ಕಾಣದು. ಶ್ವಾಸಕೋಶದ ಕ್ಯಾನ್ಸರ್ ತಲೆದೋರಲು ಎರಡು ಮೂರು ದಶಕ ಹಿಡಿಯುವುದರಿಂದ, ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯಲ್ಲಿ ಅಂಕಿ ಇಳಿಯುವುದಾದರೆ ಅದು 2050ರ ಆಸುಪಾಸಿಗೆ.